ಪುಟದ ಮೇಲೆ ಅಂಗೈ

ಪೇಪರಿನ ಮೊದಲ ಸಾಲನ್ನು ಸಾನಪ್ ಗುರೂಜಿ ಮತ್ತೊಮ್ಮೆ ಓದಿದರು. ನಾಲಿಗೆ ಎಲ್ಲಿಯೂ ತಡವರಿಸಲಿಲ್ಲ. ಒತ್ತಕ್ಷರಗಳು ಸರಿಯಾಗಿ ಬಿದ್ದವು, ಉಸಿರು ನಿಲ್ಲಬೇಕಾದಲ್ಲಿ ನಿಂತಿತು, ದನಿ ಏರಬೇಕಾದಲ್ಲಿ ಏರಿ ಇಳಿಯಬೇಕಾದಲ್ಲಿ ಇಳಿಯಿತು. ಸಾಲು ಮುಗಿಯಿತು. ಮುಗಿದ ಮೇಲೆ ಅವರೊಳಗೆ, ಕೊನೆಯ ಬಸ್ಸು ಹೋದ ನಿಲ್ದಾಣದಲ್ಲಿ ಇರುವಷ್ಟೇ ಉಳಿದಿತ್ತು. ನೀರು ಎಂಬ ಮಾತು ಗೊತ್ತಿತ್ತು, ಜಿಲ್ಲೆ ಎಂಬುದು ಗೊತ್ತಿತ್ತು, ಮುಂದೂಡಿಕೆ ಎಂಬುದೂ ಗೊತ್ತಿತ್ತು. ಒಂದೊಂದೂ ಪರಿಚಯದ ಮುಖವೇ, ಎದುರಿಗೆ ಬಂದು ಕೈಮುಗಿದು ಮುಂದೆ ಹೋಗುತ್ತಿತ್ತು. ಆದರೆ ಎಲ್ಲ ಕೂಡಿಕೊಂಡು ಎಲ್ಲಿಗೆ ಹೊರಟಿವೆ, ಮದುವೆಗೋ ಮಣ್ಣಿಗೋ, ಅದು ಮಾತ್ರ ತಿಳಿಯುತ್ತಿರಲಿಲ್ಲ. ಒಳಗೆ ಜೋಳದ ಭಾಕರಿ ತಟ್ಟುತ್ತಿದ್ದ ಹೆಂಡತಿ ಕೌಸಲ್ಯಾ, "ಏನ್ ಬರದಾರ್ರಿ ಇವತ್ತ ಪೇಪರನ್ಯಾಗ?" ಎಂದು ಕೇಳಿದಳು. "ಏನ್ ಬರೀತಾರ, ನಿನ್ನಿದ ಸುದ್ದಿ." "ನಿನ್ನೀನೂ ಹಂಗ ಅಂದ್ರಿ." "ಹಂಗಾದ್ರ ನಿನ್ನಿದು ಮೊನ್ನಿದು ಇರಬೇಕು." ಅವಳು ನಕ್ಕಳು, ಗುರೂಜಿಯೂ ನಕ್ಕರು. ನಗು ಮುಗಿದ ಮೇಲೂ ಮುಖ ಹಾಗೆಯೇ ಇಟ್ಟುಕೊಂಡು ಪೇಪರನ್ನು ಮಡಚಿ, ಮಡಚಿದ್ದನ್ನು ಇನ್ನೊಮ್ಮೆ ಮಡಚಿ, ತುಳಸಿಮಾಲೆಯ ಮಣಿಯನ್ನು ಬೆರಳಲ್ಲಿ ಹೊರಳಿಸುತ್ತ ಕೂತರು.

ಯಾವಾಗ ಶುರುವಾಯಿತೆಂದು ಹೇಳಲಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಕನ್ನಡಕದ ತಪ್ಪೆಂದುಕೊಂಡು ಬೀಡ್ ಪಟ್ಟಣಕ್ಕೆ ಹೋಗಿ ಗಾಜು ಬದಲಿಸಿಕೊಂಡು ಬಂದಿದ್ದರು. ಅಕ್ಷರಗಳು ಇನ್ನೂ ಕಪ್ಪಗೆ, ಇನ್ನೂ ಚೂಪಾಗಿ ಕಂಡವು. ತಿಕ್ಕಿ ತೊಳೆದ ಖಾಲಿ ತಂಬಿಗೆ ಹೊಳೆಯುವ ಹಾಗೆ. ವಿಚಿತ್ರವೆಂದರೆ ಯಾರಾದರೂ ಓದಿ ಹೇಳಿದರೆ, ಮಾತಾಡಿದರೆ, ಎಲ್ಲವೂ ತಿಳಿಯುತ್ತಿತ್ತು. ತಮ್ಮ ಕಣ್ಣಿನಿಂದ ಬಂದದ್ದು, ತಮ್ಮ ದನಿಯಲ್ಲಿ ಹೊರಟದ್ದು ಮಾತ್ರ ಒಳಗೆ ಇಳಿಯುತ್ತಿರಲಿಲ್ಲ. ಡಾಕ್ಟರ ಮುಂದೆ ಕೂತು ಏನೆಂದು ಹೇಳುವುದು? ಓದಲು ಬರುತ್ತದೆ ಡಾಕ್ಟರೇ, ಚೆನ್ನಾಗಿಯೇ ಬರುತ್ತದೆ, ಬೇಕಾದರೆ ನಿಮ್ಮ ಗೋಡೆಯ ಮೇಲಿನದನ್ನು ಓದಿ ತೋರಿಸುತ್ತೇನೆ ಎಂದೇ? ಗುರೂಜಿ ಚಿಕ್ಕವರಿದ್ದಾಗ ಕೀರ್ತನಕಾರ ಅಪ್ಪ ಸಂಜೆ ದೀಪದ ಹೊತ್ತಿಗೆ ವೀಣೆಯನ್ನು ಹೆಗಲಿಗೇರಿಸಿ ವಿಠೋಬನ ಅಭಂಗ ಹೇಳುತ್ತಿದ್ದಾಗ, ಕಂಬಕ್ಕೆ ಒರಗಿ ಹಿಂದೆ ಹಿಂದೆಯೇ ಹೇಳುತ್ತಿದ್ದ ಹುಡುಗ ಒಂದು ದಿನ ಕೇಳಿದ್ದ, ಇದರ ಅರ್ಥ ಏನು ಬಾಬಾ? ಅಪ್ಪ ತಂತಿಯ ಮೇಲಿನ ಬೆರಳು ತೆಗೆಯದೆ, "ನೀ ಹೇಳ್ಕೋತ ಇರು. ಬಾಗಿಲು ತೆಗದಿಟ್ಟಿರು. ಅದಕ್ಕ ಬರಬೇಕನಿಸಿದಾಗ ಬರತೈತಿ" ಎಂದಿದ್ದರು. ಬಂದಿತ್ತು. ಹೊಲದ ಬದುವಿನ ಮೇಲೆ ನಡೆಯುವಾಗ, ಅಪ್ಪನ ಬಾಯಿಗೆ ನೀರು ಬಿಡುವಾಗ, ಹುಡುಗನಾಗಿದ್ದಾಗ ಬಾಯಿಪಾಠವಾಗಿದ್ದ ಸಾಲೊಂದು ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತಿತ್ತು. ಬಂದದ್ದು ಎದ್ದು ಹೋಗಬಹುದೆಂದು ಅಪ್ಪ ಹೇಳಿರಲಿಲ್ಲ. ಬಾಗಿಲು ತೆಗೆದೇ ಇತ್ತಲ್ಲ, ಹೋಗುವುದಕ್ಕೂ ಅದೇ ಬಾಗಿಲು.

ಶಾಲೆ ಊರ ಹೊರಗಿನ ಗುಡ್ಡದ ಬುಡದಲ್ಲಿತ್ತು. ಬೀಗ ಬಿದ್ದ ಮನೆಗಳ ಮುಂದೆ ಗುರೂಜಿ ನಡೆದು ಹೋದರು. ದೀಪಾವಳಿ ಮುಗಿದೊಡನೆ ಟ್ರಾಕ್ಟರುಗಳು ಬಂದು ಅರ್ಧ ಊರನ್ನು ಕಬ್ಬು ಕಡಿಯಲು ತುಂಬಿಕೊಂಡು ಹೋಗುತ್ತವೆ; ಬೇಸಿಗೆಯ ತನಕ ಓಣಿಯಲ್ಲಿ ಮುದುಕರು, ಕೋಳಿಗಳು, ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು. ಮಗಳನ್ನೂ ಕರೆದುಕೊಂಡು ಕಬ್ಬಿಗೆ ಹೋದ ಮುಕ್ತಾಳ ಮನೆಯ ಬಾಗಿಲಿಗೂ ಬೀಗ. ಅದನ್ನು ನೋಡಬಾರದೆಂದುಕೊಂಡು ದಿನವೂ ಆಚೆಯ ಬದಿಯಲ್ಲಿ ನಡೆಯುತ್ತಿದ್ದರು, ದಿನವೂ ನೋಡುತ್ತಿದ್ದರು. ಗೇಟಿನಲ್ಲಿ ಹೆಡ್‌ಮಾಸ್ಟರ್ ಉಬಾಳೆ ಇಸ್ತ್ರಿ ಅಂಗಿಯಲ್ಲಿ ನಿಂತಿದ್ದ. ಗುರೂಜಿಗಿಂತ ವಯಸ್ಸಿನಲ್ಲಿ ಚಿಕ್ಕವನು, ಗಡಿಬಿಡಿಯವನು. "ಬರ್ರಿ ಬರ್ರಿ ಗುರೂಜಿ, ಇವತ್ತ ಶಾಲೀ ಮಾನ ನಿಮ್ಮ ಕೈಯಾಗ ಐತಿ. ನಿಮ್ಮ ಪಾಠ ನೋಡಾಕ ಬರೋ ತರಬೇತಿ ಮೇಡಂ ಆಗಲೇ ಘಾಟ್ ದಾಟ್ಯಾರಂತ." "ಯಾವ ಪಾಠ ಅಂತ ಹೇಳ್ಯಾರೇನ್ರಿ?" "ಎಲ್ಲಿ ಹೇಳ್ತಾರ! ಹೊಸಾ ಹಾಳಿ ತರ್ತಾರಂತ, ನೀವು ಮೊದಲ ನೋಡಿರಬಾರ್ದಂತ. ನಿಮಗೇನ ಅಂಜಿಕಿ? ನೀವು ನೆಲಗಡ್ಲಿ ಕಟ್ಟಿದ ಹಾಳಿ ಓದಿದ್ರೂ ಪ್ರವಚನ ಆಗ್ತೈತಿ." ಗುರೂಜಿ ನಕ್ಕರು.

ಪ್ರತಿ ತರಗತಿಯ ಗೋಡೆಯ ಮೇಲೂ ಒಂದು ದೊಡ್ಡ ಹಳದಿ ಕೈ. ಹೋದ ವರ್ಷ ಜಿಲ್ಲೆಯಿಂದ ಬಂದ ತರಬೇತಿಯವರು ಬರೆಯಿಸಿದ್ದು. ಓದುವುದನ್ನು ಕಲಿಸುವುದು ಭಾಷೆಯ ಮೇಷ್ಟ್ರ ಕೆಲಸ ಮಾತ್ರವಲ್ಲ, ಲೆಕ್ಕದ ಸಮಸ್ಯೆಯನ್ನೂ ವಿಜ್ಞಾನದ ಪ್ರಯೋಗವನ್ನೂ ಇತಿಹಾಸದ ಕೋಟೆಯನ್ನೂ ಮಕ್ಕಳು ಓದಿಯೇ ತಿಳಿಯಬೇಕಷ್ಟೆ, ಆದ್ದರಿಂದ ಎಲ್ಲ ವಿಷಯದವರೂ ಕಲಿಸಬೇಕು ಎಂದು ಹೇಳಿ ಹೋಗಿದ್ದರು. ಹೆಬ್ಬೆರಳು: ಓದುವ ಮೊದಲು ಊಹಿಸು. ಮುಂದಿನ ಬೆರಳು: ನಿನ್ನನ್ನೇ ಕೇಳಿಕೋ. ಅದರ ಮುಂದಿನದು: ನಿಂತು ಹಿಂದಕ್ಕೆ ನೋಡು. ಉಂಗುರದ ಬೆರಳು: ನಿನಗೆ ಗೊತ್ತಿರುವುದಕ್ಕೆ ಜೋಡಿಸು. ಕಿರುಬೆರಳು: ನಿನ್ನ ಮಾತಿನಲ್ಲಿ ಹೇಳು. ಎಲ್ಲಿಯಾದರೂ ಸಿಕ್ಕಿಕೊಂಡರೆ ಅಂಗೈಯನ್ನು ಪುಟದ ಮೇಲಿಡಬೇಕು. ತಿಳಿಯಲಿಲ್ಲ ಎನ್ನುವುದಕ್ಕೆ ನಾಚಬಾರದು. ಮಕ್ಕಳಿಗೆ ಬೆರಳುಗಳಿಗಿಂತ ಅಂಗೈ ಹಿಡಿಸಿತ್ತು. ಆ ತರಬೇತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿತವರೆಂದರೆ ಸಾನಪ್ ಗುರೂಜಿ. ಅವರ ವಿಜ್ಞಾನದ ತರಗತಿಯನ್ನು ನೋಡಲು ಬೇರೆ ಊರಿನವರು ಬರತೊಡಗಿದ್ದರು. ಗುರೂಜಿ ಓದುವುದೇ ಇಲ್ಲ, ಮಕ್ಕಳೇ ಓದುತ್ತಾರೆ, ಮಕ್ಕಳೇ ಬಿಡಿಸಿ ಹೇಳುತ್ತಾರೆ, ಗುರೂಜಿ ಕೇಳುತ್ತ ಕೂತಿರುತ್ತಾರೆ, ಎಂಥ ಸಂಯಮ! ಬಂದವರು ಹೀಗೆ ಹೊಗಳುತ್ತಿದ್ದಾಗ ಗುರೂಜಿ ನೆಲ ನೋಡುತ್ತಿದ್ದರು. ಅದನ್ನು ವಿನಯವೆಂದು ತಿಳಿದು ಇನ್ನಷ್ಟು ಹೊಗಳುತ್ತಿದ್ದರು.

ಓದುತ್ತಿದ್ದವಳು ಹೆಚ್ಚಾಗಿ ಋತುಜಾ, ಮುಕ್ತಾಳ ಮಗಳು. ಜಡೆಯ ರಿಬ್ಬನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೊದಲು ಮನಸ್ಸಿನಲ್ಲಿ ಓದಿಕೊಂಡು, ಅದನ್ನು ಬಿಟ್ಟು ಗಟ್ಟಿಯಾಗಿ ಓದಿ, ಆಮೇಲೆ "ಅಂದ್ರ ಗುರೂಜಿ," ಎಂದು ಶುರುಮಾಡುತ್ತಿದ್ದಳು. ಆ 'ಅಂದ್ರ' ಎಂಬಲ್ಲಿ ಗುರೂಜಿಯ ಮೈಯೆಲ್ಲ ಕಿವಿಯಾಗುತ್ತಿತ್ತು. ಬೇರಿನ ತುದಿಯ ಕೂದಲಿನಂಥ ಎಳೆಗಳು ನೀರು ಹೀರುವುದು, ಕಬ್ಬಿಣ ಕಾದು ಹಿಗ್ಗುವುದು, ಎಲ್ಲ ಅವಳ ಬಾಯಿಂದ ಬಂದು ಅವರಲ್ಲಿ ಇಳಿಯುತ್ತಿತ್ತು. ಅದನ್ನೇ ಅವರು ಮತ್ತೆ ತರಗತಿಗೆ ಕೊಡುತ್ತಿದ್ದರು. ಮೊದಮೊದಲು ಕೇಳಿದರೆ ಹೇಳುತ್ತಿದ್ದಳು. ಬರಬರುತ್ತ ಕೇಳದೆಯೂ ಹೇಳತೊಡಗಿದಳು, ತರಗತಿಯ ಕಡೆಗಲ್ಲ, ಅವರ ಮುಖ ನೋಡಿಕೊಂಡು, ಅವರು ತಲೆಯಾಡಿಸುವ ತನಕ ನಿಂತು, ಎಳೆಯ ಕೂಸಿಗೆ ಭಾಕರಿಯನ್ನು ಹಾಲಿನಲ್ಲಿ ಹಿಚುಕಿ ಉಣಿಸುವ ಹಾಗೆ ಸಣ್ಣ ಸಣ್ಣ ತುತ್ತು ಮಾಡಿ. ಅವಳಿಗೆ ಗೊತ್ತಾಗಿದೆಯೇ ಎಂದು ಗುರೂಜಿ ತಮ್ಮನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ಬೆರಳು ಮಕ್ಕಳಿಗಾಗಿ ಇತ್ತು.

ದೀಪಾವಳಿಯ ಮೊದಲು ಪಾಲಕರ ಸಭೆಯಲ್ಲಿ ಉಬಾಳೆ ತನ್ನ ಗಂಟಲು ಕೂತಿದ್ದರಿಂದ ಸುತ್ತೋಲೆಯನ್ನು ಗುರೂಜಿಯ ಕೈಗೆ ಕೊಟ್ಟು ಚಹಾ ವ್ಯವಸ್ಥೆಗೆ ಹೋಗಿದ್ದ. ಗುರೂಜಿ ಎದ್ದು ನಿಂತು ಓದಿದರು, ಇಡೀ ಪುಟ, ಒಂದು ತಪ್ಪಿಲ್ಲದೆ. ಸರಕಾರಿ ಮಾತು ಎಷ್ಟು ಉದ್ದವೆಂದರೆ ಸಾಲು ಮುಗಿಯುವ ಹೊತ್ತಿಗೆ ಕೇಳುವವರು ಮೊದಲನ್ನು ಮರೆತಿರುತ್ತಾರೆ. ಮುಕ್ತಾ ಸೆರಗನ್ನು ತಲೆಗೆ ಎಳೆದುಕೊಂಡು ಹಿಂದಿನಿಂದ ಕೇಳಿದಳು: "ಅಂದ್ರ ಏನ್ರಿ ಗುರೂಜಿ? ನಾವು ಕಬ್ಬಿಗೆ ಹೋದಾಗ ಹುಡುಗರನ್ನ ಇಟ್ಕೊಳ್ಳೋ ಹಾಸ್ಟೆಲ್ ಈ ಸರ್ತಿ ಐತೋ ಇಲ್ಲೋ?" ಎಲ್ಲರ ಮುಖ ಅವರ ಕಡೆ ತಿರುಗಿತು. ಋತುಜಾ ಆ ದಿನ ಹೊರಗೆ ತಮ್ಮನನ್ನು ಆಡಿಸುತ್ತಿದ್ದಳು. ಗುರೂಜಿ ಕಾಗದವನ್ನು ನೋಡಿದರು. 'ವಸತಿ' ಇತ್ತು, 'ಹೆಸರು' ಇತ್ತು, 'ತಪ್ಪಿದಲ್ಲಿ' ಇತ್ತು, 'ಇಲ್ಲ' ಎಂಬುದೂ ಒಂದು ಕಡೆ ಇತ್ತು. ಆ 'ಇಲ್ಲ' ಒಂದೇ ಗಟ್ಟಿಯಾಗಿ ಕೈಗೆ ಸಿಕ್ಕಿತು. "ಈ ವರ್ಷ ಇಲ್ಲವ್ವ," ಎಂದರು. "ಹಂಗಾದ್ರ ಕರಕೊಂಡ ಹೋಗಬೇಕೇನ್ರಿ? ನನ್ನತ್ತೀಗೆ ಕಣ್ಣ ಕಾಣಂಗಿಲ್ಲ, ಆಕೀನೂ ಜೋಡಿ ಕರಕೊಂಡ ಹೋಗೋದೈತಿ, ಹುಡುಗೀನ ಯಾರ ಹತ್ರ ಬಿಡ್ಲಿ?" ಆಗಲಾದರೂ ಅಂಗೈಯನ್ನು ಪುಟದ ಮೇಲೆ ಇಡಬಹುದಾಗಿತ್ತು. ಹೆಡ್‌ಮಾಸ್ಟರರು ಬರಲಿ, ಕೇಳೋಣ ಎನ್ನಬಹುದಾಗಿತ್ತು. ಗುರೂಜಿ ತಲೆಯಾಡಿಸಿದರು. ಟ್ರಾಕ್ಟರುಗಳು ಹೋದ ಮೇಲೆ ಒಂದು ದಿನ ಉಬಾಳೆ ಚಹಾ ಕುಡಿಯುತ್ತ, "ಸೀಸನ್ ಹಾಸ್ಟೆಲಿಗೆ ಹೆಸರು ಕೊಡ್ರಿ, ಕೊಡದಿದ್ರ ಅನುದಾನ ಇಲ್ಲ ಅಂತ ಆ ಸುತ್ತೋಲ್ಯಾಗ ಬಡಕೊಂಡು ಬರದಿದ್ರು. ನಮ್ಮೂರಿಂದ ಒಂದ ಹೆಸರಿಲ್ಲ ನೋಡ್ರಿ. ಈ ಮಂದಿಗೆ ಮಕ್ಕಳು ಓದೋದು ಬ್ಯಾಡಾಗೈತಿ" ಎಂದ. ಅವನು ಬಾಯಲ್ಲಿ ಹೇಳಿದ್ದರಿಂದ ಗುರೂಜಿಗೆ ಕೂಡಲೇ ತಿಳಿಯಿತು. ಲೋಟವನ್ನು ಬಸಿಯ ಮೇಲಿಟ್ಟು ಪಾಠಕ್ಕೆ ಎದ್ದು ಹೋದರು.

ತರಬೇತಿ ಕೇಂದ್ರದ ಪಲ್ಲವಿ ಮೇಡಂ ಗುರೂಜಿಯ ಮಗಳ ವಯಸ್ಸಿನವಳು. ಬಂದವಳೇ ಬಗ್ಗಿ ಅವರ ಕಾಲು ಮುಟ್ಟಿದಳು. ಗುರೂಜಿ ಹಿಂದಕ್ಕೆ ಸರಿದರು. "ಸರ್, ಇವತ್ತು ಗಟ್ಟಿಯಾಗಿ ಯೋಚಿಸೋದನ್ನ ತೋರಿಸ್ತೀರಿ. ನೀವು ಓದೋವಾಗ ತಲೆಯೊಳಗೆ ಏನೇನ್ ನಡೀತದೋ ಅದನ್ನೆಲ್ಲ ಹಂಗೇ ಬಾಯಿಬಿಟ್ಟು ಹೇಳೋದು. ದೊಡ್ಡವರೂ ಸಿಕ್ಕೊಳ್ತಾರೆ ಅಂತ ಮಕ್ಕಳಿಗೆ ಕಾಣಬೇಕು. ನಮ್ಮ ಮೇಷ್ಟ್ರುಗಳು ಇದನ್ನ ಮಾಡೋಕೆ ಹೋಗಿ ನಾಟಕ ಮಾಡ್ತಾರೆ ಸರ್, ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ನಿಮ್ಮ ಮೇಲೇ ನನ್ನ ನಂಬಿಕೆ." ಹಾಳೆಯನ್ನು ಕೊಟ್ಟು, ಫೋನನ್ನು ಕಿಟಕಿಯ ಅಂಚಿಗೆ ನಿಲ್ಲಿಸಿ, ಹಿಂದಿನ ಸಾಲಿನಲ್ಲಿ ಮಕ್ಕಳ ಪಕ್ಕ ಹೋಗಿ ಕೂತಳು. ಉಬಾಳೆ ಬಾಗಿಲಿಗೆ ಒರಗಿದ. ಕಿಟಕಿಯ ಹತ್ತಿರ ಋತುಜಾಳ ಜಾಗದಲ್ಲಿ ಯಾರೋ ತಮ್ಮ ಚೀಲ ಇಟ್ಟಿದ್ದರು.

ಮೊದಲು ಹೆಬ್ಬೆರಳು. ಹಾಳೆಯಲ್ಲಿ ಒಂದು ಚಿತ್ರವಿತ್ತು. ಬಯಲು, ಬಿಸಿಲು, ಬಿಳಿ ಬಿಳಿ ರಾಶಿಗಳು. ಅದರ ಪ್ರತಿಗಳು ಮಕ್ಕಳ ಮುಂದೆಯೂ ಇದ್ದವು. "ಇದು ಹತ್ತಿ ಇರಬೇಕು ಅನ್ನಸ್ತೈತಿ ನನಗ," ಎಂದರು. ಮಕ್ಕಳು ಗೊಳ್ಳೆಂದರು. ಮುಂದಿನ ಸಾಲಿನ ಅಂಕುಶ, "ಗುರೂಜಿ, ಮ್ಯಾಲ ದೊಡ್ಡದಾಗಿ ಬರದಾರಲ್ರಿ, ಉಪ್ಪು ಅಂತ!" ಎಂದ. ಮೇಲೆ ಹಾಗೆಯೇ ಬರೆದಿತ್ತು. ಅದನ್ನು ಅವರು ಓದಿಯೂ ಇದ್ದರು. "ಹೌದಲ್ಲ, ನನ್ನ ಊಹೆ ತಪ್ಪಿತು." ಹಿಂದಿನ ಸಾಲಿನಲ್ಲಿ ಮೇಡಂ ಸಂತೋಷದಿಂದ ತಲೆಯಾಡಿಸುವುದು ಕಂಡಿತು. ಗುರೂಜಿ ಓದತೊಡಗಿದರು. ಸಮುದ್ರದ ನೀರನ್ನು ಅಗಲವಾದ ಪಾತಿಗಳಿಗೆ ಹಾಯಿಸುತ್ತಾರೆ. ಬಿಸಿಲಿಗೆ ನೀರು ಆರುತ್ತದೆ. ನೀರು ಹೋದರೂ ಅದರಲ್ಲಿ ಕರಗಿದ್ದುದು ಉಳಿಯುತ್ತದೆ. ದನಿ ತುಂಬಿ ಬಂದಿತು, ಅಪ್ಪನದೇ ದನಿ, ತರಗತಿ ಸುಮ್ಮನಾಯಿತು. ನಿಂತರು. ಈಗ ಒಳಗೆ ನಡೆಯುತ್ತಿರುವುದನ್ನು ಹೇಳಬೇಕು. ಒಳಗೆ ನೋಡಿದರು. ಸಮುದ್ರ, ಪಾತಿ, ಬಿಸಿಲು, ಕೈಮುಗಿದು ಹೋದವು. ಮತ್ತೆ ಮೊದಲಿಂದ ಓದಿದರು. ಮತ್ತೆ ನಿಂತರು. ಗೋಡೆಯ ಮೇಲಿನ ಹಳದಿ ಕೈ ಅವರನ್ನು ತಡೆಯುವ ಪೊಲೀಸಿನವನ ಕೈಯ ಹಾಗೆ ಕಂಡಿತು. ಇನ್ನೊಮ್ಮೆ ಓದಿದರು, ಈ ಸಲ ಮೆಲ್ಲಗೆ, ಒಂದೊಂದೇ ಮಾತಿನ ಹತ್ತಿರ ನಿಂತು, ದೇವರ ಮುಂದೆ ನಿಲ್ಲುವ ಹಾಗೆ. ಕೈ ತಾನಾಗಿ ಎದ್ದು ಪುಟದ ಮೇಲೆ ಕೂತಿತು. ಅಂಗೈಯ ಅಡಿಯಲ್ಲಿ ಕಾಗದ ತಣ್ಣಗಿತ್ತು.

"ನನಗ ತಿಳೀವಲ್ದು," ಎಂದರು. ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. "ಖರೇನ ತಿಳೀವಲ್ದು. ಓದಾಕ ಬರತೈತಿ. ಮಾತು ಗೊತ್ತದಾವ. ಎಲ್ಲಾ ಕೂಡಿ ಏನ್ ಹೇಳಾಕತ್ತಾವ ಅನ್ನೋದು... ಒಳಗ ಯಾರೂ ಎದ್ದು ಬಾಗಿಲಿಗೆ ಬರವಲ್ರು. ಭಾಳ ದಿನಾತು ಹಿಂಗಾಗಿ. ಪೇಪರ್ ತಿಳಿಯಂಗಿಲ್ಲ. ಪಾಠ ತಿಳಿಯಂಗಿಲ್ಲ. ನಮ್ಮಪ್ಪನ ಅಭಂಗದ ಪೋಥಿ ತಿಳಿಯಂಗಿಲ್ಲ." ಹೇಳಿಬಿಟ್ಟಿದ್ದರು. ಎದೆಯಲ್ಲಿ ಎಂಥದೋ ಹಗುರ. ಈಗ ಉಬಾಳೆ ಓಡಿಬಂದು ಹಿಡಿದುಕೊಳ್ಳುತ್ತಾನೆ, ಮೇಡಂ ಫೋನು ಆರಿಸುತ್ತಾಳೆ, ಯಾರಾದರೂ ನೀರು ತರುತ್ತಾರೆ, ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತದೆ, ಆಗಲಿ. ಮುಕ್ತಾಳ ಬೀಗದ ಮನೆಯ ಮುಂದೆ ನಿಂತು ಹೇಳಬೇಕಾದ್ದನ್ನೂ ಈಗಲೇ ಹೇಳಿಬಿಡಬೇಕು. "ಆ ಸುತ್ತೋಲೆ ಓದಿದ ದಿನಾನೂ—" ಎನ್ನುತ್ತಿರುವಾಗಲೇ ಅಂಕುಶ ಎದ್ದು ಬಂದು, ದೊಡ್ಡವನ ಹಾಗೆ ಅವರ ಪಕ್ಕ ನಿಂತು ಹಾಳೆಯ ಮೇಲೆ ಬೆರಳಿಟ್ಟ. "ಅಂಜಬ್ಯಾಡ್ರಿ ಗುರೂಜಿ. ಅಂದ್ರ, ನೀರು ಬಿಸಿಲಿಗೆ ಆರಿ ಹೋಗ್ತೈತಿ, ಉಪ್ಪು ಹೋಗಂಗಿಲ್ಲ, ತಳದಾಗ ಉಳೀತೈತಿ. ನಮ್ಮವ್ವ ಸಾರು ಕುದಿಯಾಕಿಟ್ಟು ಮರತ್ರ ಉಪ್ಪ ಆಗ್ತದಲ್ರಿ, ಹಂಗ." ಆಗ ತಿಳಿಯಿತು, ಪೂರ್ತಿ, ಕಣ್ಣಿಗೆ ಕಟ್ಟಿದಂತೆ, ಬಿಳಿ ರಾಶಿ, ಆರಿದ ಪಾತಿ, ಅದರ ಮೇಲಿನ ಬಿಸಿಲು. ಗುರೂಜಿಗೆ ಅಳು ಬಂತು. ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಇಡೀ ತರಗತಿ ತಟ್ಟಿತು.

"ಸರ್, ನಿಮ್ಮ ಕಣ್ಣಲ್ಲಿ ನೀರೇ ಬಂತಲ್ಲ ಸರ್! ಒಂದು ಕ್ಷಣ ನಾನೂ ನಂಬಿಬಿಟ್ಟೆ." "ನಟನಿ ಅಲ್ಲವ್ವ," ಎಂದರು ಗುರೂಜಿ. "ಅದೇ ಸರ್, ನಟನೆ ಅನ್ನಿಸಲೇಬಾರದು! ಎಲ್ಲರಿಗೂ ಇದನ್ನೇ ಹೇಳಿ ಹೇಳಿ ಸಾಕಾಗಿದೆ." ಉಬಾಳೆ ಬಾಗಿಲಿಂದ, "ಕೀರ್ತನದ ಮನೆತನ ರೀ ಮೇಡಂ. ಇವರಪ್ಪ ಹರಿಶ್ಚಂದ್ರನ ಕತಿ ಹೇಳಿದ್ರ ಸುಡುಗಾಡಿನ ಹೊಗಿ ಮೂಗಿಗೆ ಬರ್ತಿತ್ತು. ರಕ್ತದಾಗ ಐತಿ!" ಎಂದ. "ಉಬಾಳೆ, ಖರೇನ ಹೇಳಾಕತ್ತೀನಿ, ನನಗ ಓದಿದ್ದು..." "ಸಾಕ್ರಿ ಗುರೂಜಿ, ಪಾಠ ಮುಗೀತು, ಇನ್ನ ವೇಷ ಕಳೀರಿ," ಎಂದು ಉಬಾಳೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಡಂ ಆಗಲೇ ಫೋನಿನಲ್ಲಿ ಮೊದಲಿಂದ ನೋಡುತ್ತಿದ್ದಳು. ಸಣ್ಣ ಗಾಜಿನೊಳಗೆ ಮುದುಕನೊಬ್ಬ ಒಳಗೆ ಯಾರೂ ಎದ್ದು ಬಾಗಿಲಿಗೆ ಬರುತ್ತಿಲ್ಲ ಎಂದು ಹೇಳುತ್ತಿದ್ದ, ಬಹಳ ಚೆನ್ನಾಗಿ. ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಅದನ್ನು ಕಳಿಸುವುದಾಗಿ ಹೇಳಿದಳು. ಮುಂದಿನ ತಿಂಗಳು ಗುರೂಜಿಯೇ ಬಂದು ಎಲ್ಲರ ಮುಂದೆ ಮಾಡಿ ತೋರಿಸಬೇಕು, ಇದೇ ಪಾಠ ಬೇಡ, ಯಾವುದಾದರೂ ಲೆಕ್ಕ ತೆಗೆದುಕೊಳ್ಳಿ, ಲೆಕ್ಕ ತಿಳಿಯದೆ ಸಿಕ್ಕಿಕೊಳ್ಳುವುದನ್ನು ತೋರಿಸಿ ಎಂದಳು. ಗುರೂಜಿ ಕೈಮುಗಿದರು.

ಊಟದ ಬಿಡುವಿನ ನಂತರ ಇತಿಹಾಸದ ಪಾಠ ಓದಲು ಹೇಳಿ ಕೂತರು. ಸ್ವಲ್ಪ ಹೊತ್ತಿಗೆ ತರಗತಿ ತೀರ ಸುಮ್ಮನಿದೆ ಎನಿಸಿ ತಲೆಯೆತ್ತಿದರೆ, ಮಕ್ಕಳೆಲ್ಲ ಪುಟದ ಮೇಲೆ ಅಂಗೈ ಇಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಕಣ್ಣಲ್ಲಿ ನೀರು ತರಲು ನೋಡುತ್ತ ಕೂತಿದ್ದರು. ಅಂಕುಶನೂ. "ಏನಲೇ, ಯಾರಿಗೂ ತಿಳೀಲಿಲ್ಲೇನು?" "ತಿಳದೈತ್ರಿ," ಎಂದ ಅಂಕುಶ, ಕೈ ತೆಗೆಯದೆ. "ಆದ್ರ ಹಿಂಗ ಮಾಡೋದ ಪಾಠ ಅಲ್ಲೇನ್ರಿ?"

ಸಂಜೆ ಕೌಸಲ್ಯಾ ವಿಠೋಬನ ಮುಂದೆ ದೀಪ ಹಚ್ಚಿ ಹೊರಗೆ ಬಂದಾಗ ಗುರೂಜಿ ಅಪ್ಪನ ಪೋಥಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ತೆರೆದಿರಲಿಲ್ಲ. ಫೋನು ಬಂತು. ಕಬ್ಬಿನ ಬಿಡಾರದಿಂದ ಮುಕ್ತಾಳ ದನಿ, ಹಿಂದೆ ಎತ್ತಿನ ಗಂಟೆ, ಮಕ್ಕಳ ಅಳು, ಯಾರೋ ಯಾರನ್ನೋ ಬೈಯುತ್ತಿರುವುದು. "ರಾಮ್ ಕೃಷ್ಣ ಹರಿ ಗುರೂಜಿ. ಹುಡುಗಿ ಬಿಡವಲ್ಲಳ್ರಿ, ಗುರೂಜಿಗೆ ಹಚ್ಚು ಗುರೂಜಿಗೆ ಹಚ್ಚು ಅಂತ ಜೀವಾ ತಿಂತಾಳ. ಇವತ್ತೇನು ಕಲಿಸ್ಯಾರ ಕೇಳಬೇಕಂತ." ಗುರೂಜಿ, ಮುಕ್ತಾ, ಹಾಸ್ಟೆಲ್ ಇತ್ತವ್ವ, ನಾನೇ ತಪ್ಪು ಹೇಳಿದೆ ಎಂದು ಹೇಳಲು ಬಾಯಿ ತೆರೆದರು. ಬೆಳಿಗ್ಗೆ ಹೇಳಿದ್ದ ಖರೆ ಏನಾಯಿತೆಂಬುದು ನೆನಪಾಯಿತು. "ಕೊಡವ್ವ," ಎಂದರು. "ಗುರೂಜಿ, ಪುಸ್ತಕಾ ಮನ್ಯಾಗ ಉಳದಾವ್ರಿ," ಎಂದಳು ಋತುಜಾ. ದನಿ ಒಡೆದಿತ್ತು, ದೊಡ್ಡ ಹೆಂಗಸಿನ ದನಿಯ ಹಾಗೆ. "ನೀವು ಓದ್ರಿ, ನಾ ಹೇಳ್ತೀನಿ."

ಅವಳು ಹಾಗೆಂದಳು. ನಾ ಹೇಳ್ತೀನಿ ಎಂದಳು. ಗೊತ್ತಿತ್ತು ಅವಳಿಗೆ, ಮೊದಲಿಂದಲೂ ಗೊತ್ತಿತ್ತು. ಗುರೂಜಿ ಜೇಬಿನಿಂದ ಉಪ್ಪಿನ ಹಾಳೆಯನ್ನು ತೆಗೆದು ಬಿಡಿಸಿ ದೀಪದ ಕಡೆ ತಿರುಗಿ ಓದಿದರು. ಬೆಳಿಗ್ಗೆ ಕಣ್ಣಿಗೆ ಕಟ್ಟಿದ್ದ ಬಿಳಿ ರಾಶಿ ಹಾಳೆಯ ಮೇಲೆ ಎಲ್ಲಿಯೂ ಇರಲಿಲ್ಲ. ಪುಟ ಮುಗಿಸಿ, ಮೈಯೆಲ್ಲ ಕಿವಿಯಾಗಿ, ಆ 'ಅಂದ್ರ' ಬರುವುದಕ್ಕೆ ಕಾದರು. ಎತ್ತಿನ ಗಂಟೆ ಕೇಳಿತು. ಅವಳ ಉಸಿರು ಕೇಳಿತು. "ಋತುಜಾ?" "ಇದ್ದೀನ್ರಿ." "ಏನಂತೈತಿ ಅದು?" "ನಸುಕಿನ್ಯಾಗ ಎಬ್ಬಸ್ತಾರ್ರಿ ಗುರೂಜಿ. ಕಬ್ಬಿನ ಮೋಳಿಗಿ ಹೊತ್ತು ಕೊರಳೆಲ್ಲಾ ನೋಯ್ತೈತಿ. ನೀವು ಓದಿದ್ದು ಎಲ್ಲಾ ಕೇಳಿಸ್ತು. ಮಾತು ಎಲ್ಲಾ ಗೊತ್ತದಾವ. ಆದ್ರ..." ಅಷ್ಟಕ್ಕೆ ನಿಲ್ಲಿಸಿದಳು. ಆಮೇಲೆ, ಅವರಿಗೆ ನೋವಾಗಬಾರದೆಂಬಂತೆ, "ಇರ್ಲಿ, ಮತ್ತೊಮ್ಮೆ ಓದ್ರಿ. ತಿಳೀದಿದ್ರೂ ಇರ್ಲಿ. ನಿದ್ದಿ ಬರೋತನಾ ಓದ್ರಿ" ಎಂದಳು.

ಗುರೂಜಿ ಹಾಳೆಯನ್ನು ಮತ್ತೆ ದೀಪದ ಹತ್ತಿರ ಹಿಡಿದರು. ಸಮುದ್ರದ ನೀರನ್ನು ಅಗಲವಾದ ಪಾತಿಗಳಿಗೆ ಹಾಯಿಸುತ್ತಾರೆ, ಎಂದು ಓದಿದರು. ದನಿ ಏರಬೇಕಾದಲ್ಲಿ ಏರಿ ಇಳಿಯಬೇಕಾದಲ್ಲಿ ಇಳಿಯಿತು. ಒಳಗೆ ಹೋಗಿ ಮತ್ತೆ ಬಂದ ಕೌಸಲ್ಯಾ, ಗಂಡ ಅಭಂಗ ಹೇಳುತ್ತಿದ್ದಾರೆಂದುಕೊಂಡು ಸೆರಗನ್ನು ತಲೆಗೆ ಎಳೆದುಕೊಂಡು, ಕಂಬಕ್ಕೆ ಒರಗಿ, ಕೈಮುಗಿದು ಕೂತಳು.